ಡಿಕ್ಕಿಯ ಅಡುಗೆಮನೆ

ಗೆಟ್ಟವಾಡಿ
9 ಜನವರಿ 2025

ಪ್ರಮೀಳತ್ತೆಗೆ ಶೈಲಶ್ರೀ ಬರೆಯುವುದು.

ನಿಮ್ಮ ಅಣ್ಣ ನಟರಾಜನವರ ಮಗಳು ನಾನು. ನೀವು ನನ್ನನ್ನು ನೋಡಿದ್ದು ಒಂದೇ ಸಲ, ಹೋದ ವರ್ಷದ ಹಿಂದಿನ ಡಿಸೆಂಬರಿನಲ್ಲಿ ತಾತ ತೀರಿಕೊಂಡ ದಿನ. ನೀವು ಬೇಲಿಯ ಆಚೆ ಊರಿನವರ ನಡುವೆ ನಿಂತಿದ್ದಿರಿ. ಚೊಂಬಿನಲ್ಲಿ ನೀರು ತಂದವಳು ನಾನು. ನೀವು ಬೇಡವೆಂದು ತಲೆಯಾಡಿಸಿ ಮೂರು ಗಂಟೆಯ ಬಸ್ಸಿಗೆ ಹೊರಟುಹೋದಿರಿ.

ದೀಪಾವಳಿಗೆ ನೀವು ಅಪ್ಪನಿಗೆ ಬರೆಯುವ ಕಾಗದದಿಂದ ವಿಳಾಸ ತೆಗೆದುಕೊಂಡೆ. ಅಪ್ಪನ ಫೋನಿನಲ್ಲಿ ನಿಮ್ಮ ನಂಬರೂ ಇದೆ. ಆದರೆ ಫೋನಿನಲ್ಲಿ ನನಗೆ ‘ಹ್ಞೂಂ’, ‘ಇಲ್ಲ’ ಬಿಟ್ಟರೆ ಬೇರೆ ಮಾತು ಬರುವುದಿಲ್ಲ. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ ಎರಡು ಇಂಟರ್‌ವ್ಯೂಗೆ ಹೋಗಿದ್ದೆ. ಎರಡರಲ್ಲೂ ಕೇಳಿದ್ದಕ್ಕೆಲ್ಲ ಉತ್ತರ ಗೊತ್ತಿತ್ತು, ಹೇಳಲಿಲ್ಲ. ಕಾಗದವಾದರೆ ಬರೆಯಬಲ್ಲೆ.

ವಿಷಯ ಕಾರಿನದು. ತಾತ ಸತ್ಯಮಂಗಲದಿಂದ ತಂದ 1978ರ ಫಿಯೆಟ್ ನಿಮಗೆ ನೆನಪಿರಬೇಕು. ಅದು ಈಗಲೂ ಓಡುತ್ತದೆ. ಎಂಜಿನನ್ನು ಅಪ್ಪ ಚೆನ್ನಾಗಿ ಇಟ್ಟಿದ್ದಾರೆ. ಡಿಕ್ಕಿ ಮಾತ್ರ ಹಾಳು. ಇಷ್ಟು ವರ್ಷ ಅದರಲ್ಲಿ ಎಲೆಕೋಸು, ಗೊಬ್ಬರ, ಒಮ್ಮೆ ಒಂದು ಕರುವನ್ನೂ ಸಾಗಿಸಿದ್ದಾರೆ. ರಬ್ಬರ್ ಮ್ಯಾಟು ಪುಡಿಯಾಗಿದೆ. ತಳದಲ್ಲಿ ಎರಡು ಕಡೆ ತುಕ್ಕು ಹಿಡಿದು ತೂತು ಬಿದ್ದು ನೆಲ ಕಾಣುತ್ತದೆ.

ಇದನ್ನು ಒಳಗಿನಿಂದ ಹೊಸದಾಗಿ ಕಟ್ಟಬೇಕು. ಯಾಕೆಂದು ಹೇಳುತ್ತೇನೆ. ನೀವು ಆರುಮುಗಂ ಮಾವನನ್ನು ಮದುವೆಯಾಗಿ ಮನೆ ಬಿಟ್ಟ ವರ್ಷದ ಶ್ರಾವಣದಿಂದ ಅಜ್ಜಿ ಸ್ವಯಂಪಾಕದಲ್ಲಿದ್ದಾಳೆ. ತಾನೇ ಬೇಯಿಸಿ, ಲಿಂಗಕ್ಕೆ ತೋರಿಸಿ, ತಾನೇ ಉಣ್ಣುತ್ತಾಳೆ. ಅಮ್ಮ ಕಾಸಿದ ಹಾಲನ್ನೂ ಮುಟ್ಟುವುದಿಲ್ಲ. ಹೀಗಾಗಿ ಇಪ್ಪತ್ತಾರು ವರ್ಷದಲ್ಲಿ ಒಂದು ರಾತ್ರಿಯೂ ಬೇರೆ ಮನೆಯಲ್ಲಿ ಮಲಗಿಲ್ಲ. ತಾತನ ವರ್ಷದ ಕಾರ್ಯ ಮುಗಿದ ಮಾರನೆಯ ದಿನ ರಾಗಿ ಕೇರುತ್ತಾ ಕೂತವಳು ತಲೆಯೆತ್ತದೆ ಹೇಳಿದಳು: “ಆ ಕಾರ್ನ ಡಿಕ್ಕಿಲಿ ನನ್ನ ಒಲೆ, ಪಾತ್ರೆ, ಲಿಂಗದ ಪೆಟ್ಗೆ ಇಡಂಗೆ ಮಾಡುದ್ರೆ ನಾನು ಪಮ್ಮಿ ಮನೆ ನೋಡ್ಕಬತ್ತೀನಿ ಕಣ.”

ಅಪ್ಪ ಎದ್ದುಹೋಗಿ ಕಾರಿನ ಟೈರಿಗೆ ಗಾಳಿ ತುಂಬಿದರು.

ಆರುಮುಗಂ ಮಾವನದು ಕಾರುಗಳ ಕುಶನ್ ಅಂಗಡಿ, ಹೊಲಿಗೆಯೆಲ್ಲ ನಿಮ್ಮದೇ ಎಂದು ಅಪ್ಪ ಒಮ್ಮೆ ಬಾಯಿತಪ್ಪಿ ಹೇಳಿದ್ದರು. ಈ ಕೆಲಸವನ್ನು ಮನೆಯಲ್ಲೇ ಮಾಡಲು ಆಗುತ್ತದೆಯೇ, ಎಲ್ಲಿಂದ ಶುರು ಮಾಡಬೇಕು, ತಿಳಿಸುವಿರಾ? ಡಿಕ್ಕಿಯ ಚಿತ್ರ ಬರೆದು ಇಟ್ಟಿದ್ದೇನೆ. ನಾನು ಬರೆಯುತ್ತಿರುವುದು ಅಜ್ಜಿಗೆ ಗೊತ್ತು. ಅಪ್ಪನಿಗೂ ಗೊತ್ತು, ಗೊತ್ತಿಲ್ಲದವರ ಹಾಗೆ ಓಡಾಡುತ್ತಿದ್ದಾರೆ.

ನಿಮ್ಮ ಅಣ್ಣನ ಮಗಳು,
ಶೈಲಶ್ರೀ


ಕೊಯಮತ್ತೂರು
27 ಜನವರಿ 2025

ಶೈಲಾ,

ನೀನು ನೀರು ತಂದದ್ದು ನೆನಪಿದೆ. ಬಾಯಾರಿಕೆ ಇತ್ತು. ಆ ಮನೆಯ ಚೊಂಬು ಮುಟ್ಟಿದರೆ ಅದನ್ನು ಆಮೇಲೆ ಏನು ಮಾಡುತ್ತಾರೋ ಎಂದು ಬೇಡವೆಂದೆ.

ದೀಪಾವಳಿ ಕಾಗದ ನಾಲ್ಕೇ ಸಾಲು, ಪ್ರತಿ ವರ್ಷ ಅದನ್ನೇ ತಿರುಗಿ ಬರೆಯುತ್ತೇನೆ. ಇಷ್ಟುದ್ದ ಕನ್ನಡ ಬರೆದು ಬಹಳ ಕಾಲವಾಯಿತು. ತಪ್ಪಿದ್ದರೆ ನೀನು ಓದಿದವಳು, ತಿದ್ದಿಕೊ.

ಮನೆಯಲ್ಲೇ ಮಾಡಬಹುದು. ಮೊದಲು ಎಲ್ಲವನ್ನೂ ಕಿತ್ತು ತಗಡು ಬರಿದು ಮಾಡು. ತುಕ್ಕನ್ನು ಕಂಬಿ ಬ್ರಷ್ಷಿನಿಂದ ಉಜ್ಜಿ, ತೂತಿಗೆ ವೆಲ್ಡಿಂಗಿನವನಿಂದ ತಗಡು ಕೂರಿಸಿ, ತುಕ್ಕು ತಡೆಯುವ ರೆಡಾಕ್ಸೈಡ್ ಎರಡು ಸಲ ಬಳಿ. ನೀರು ಇಳಿಯಲು ತಳದಲ್ಲಿ ಕಂಪನಿಯವರೇ ಇಟ್ಟ ಸಣ್ಣ ರಂಧ್ರಗಳಿರುತ್ತವೆ, ಅವನ್ನು ತುಕ್ಕಿನ ತೂತೆಂದು ಮುಚ್ಚಬೇಡ. ಆಮೇಲೆ ರಟ್ಟಿನಲ್ಲಿ ಅಚ್ಚು ಕತ್ತರಿಸು. ಡಿಕ್ಕಿ ಚೌಕವಲ್ಲ, ನೋಡಲು ಹಾಗೆ ಕಾಣುತ್ತದೆ ಅಷ್ಟೆ. ಚಕ್ರದ ಗೂಡು ಎರಡೂ ಕಡೆ ಒಳಗೆ ನುಗ್ಗಿರುತ್ತದೆ. ರಟ್ಟು ಕೂತಮೇಲೆ ಪ್ಲೈವುಡ್ ಕತ್ತರಿಸು, ಸುತ್ತ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ಕಡಿಮೆ. ಬಟ್ಟೆ ಸುತ್ತಿದಾಗ ಅಂಚು ದಪ್ಪವಾಗುತ್ತದೆ. ಅದನ್ನು ಮರೆತು ಕತ್ತರಿಸಿದ ಹಲಗೆ ನಮ್ಮ ಅಂಗಡಿಯಲ್ಲಿ ಒಂದು ಗುಡ್ಡೆ ಇದೆ.

ಒಲೆ, ಪಾತ್ರೆಗೆ ಎಳೆದರೆ ಹೊರಗೆ ಬರುವ ಪೆಟ್ಟಿಗೆ ಮಾಡಿಸು, ಮೇಜಿನ ಖಾನೆಯ ಹಾಗೆ. ಒಲೆಯನ್ನು ನೆಲಕ್ಕೆ ಇಳಿಸಿ, ಕಾರಿನಿಂದ ಹತ್ತು ಹೆಜ್ಜೆ ದೂರ ಹಚ್ಚಬೇಕು. ಪೆಟ್ರೋಲ್ ಟ್ಯಾಂಕು ಅಲ್ಲೇ ಪಕ್ಕದಲ್ಲಿದೆ. ಬೆಂಕಿಪೊಟ್ಟಣವನ್ನು ಡಿಕ್ಕಿಯಲ್ಲಿ ಇಡಲೇಬೇಡ. ಅಣ್ಣನ ಜೇಬಿನಲ್ಲಿರಲಿ.

ನಿನ್ನ ಮಾವ ಅಂಗಡಿಯಲ್ಲಿ ಮಿಕ್ಕಿರುವ ಒಳ್ಳೆಯ ತೊಗಲು ಕೊಡುತ್ತೇನೆಂದರು. ಅವ್ವ ಪಾತ್ರೆ ಇಡುವ ಜಾಗದಲ್ಲಿ ತೊಗಲು ಬೇಡವೆಂದು ನಾನೇ ತಡೆದೆ. ರೆಕ್ಸಿನ್, ಕಾರ್ಪೆಟ್, ಅಂಟಿಸಲು ಎರಡು ಡಬ್ಬಿ ಸೊಲ್ಯೂಷನ್ ಬಸ್ಸಿನಲ್ಲಿ ತಾಳವಾಡಿಗೆ ಹಾಕಿಸಿದ್ದೇನೆ.

ಶ್ರಾವಣದ ವಿಷಯ ನನಗೆ ಮೊದಲೇ ಗೊತ್ತಿತ್ತು. ಮಗಳು ಮಾಡಿದ ಕೆಲಸಕ್ಕೆ ಅವ್ವ ಯಾರ ಅನ್ನವನ್ನೂ ಮುಟ್ಟದ ಹಾಗಾದಳು ಎಂದು ಊರಿನಿಂದ ಬಂದವರು ಹೇಳಿದ್ದರು. ಈಗ ಆ ಅವ್ವ ನನ್ನ ಮನೆಗೆ ಒಲೆ ಹೊತ್ತುಕೊಂಡು ಬರುತ್ತಾಳೆ, ಅದಕ್ಕೆ ಅಳತೆಯನ್ನು ನಾನೇ ಹೇಳಿಕೊಡುತ್ತಿದ್ದೇನೆ. ಆಗಲಿ.

ನನ್ನ ಮನೆಯಲ್ಲಿ ಎರಡು ಬರ್ನರಿನ ಗ್ಯಾಸ್ ಒಲೆ ಇದೆ. ನೀನು ಕೇಳಲಿಲ್ಲ. ಆದರೂ ಬರೆದಿದ್ದೇನೆ.

ಅತ್ತೆ,
ಪ್ರಮೀಳಾ


ಗೆಟ್ಟವಾಡಿ
14 ಫೆಬ್ರವರಿ 2025

ಅತ್ತೆ,

ಪಾರ್ಸೆಲ್ ಬಂತು. ಕಂಡಕ್ಟರು ಅದನ್ನು ಕೊಡುವಾಗ ಒಳಗೇನಿದೆ ಎಂದು ಕೇಳಿದ. ಕಾರ್ಪೆಟ್ ಎನ್ನಲು ಹೊರಟು ಬಟ್ಟೆ ಎಂದೆ. ಮದುವೆಯಾ ಎಂದು ಕೇಳಿದ. ಅದಕ್ಕೆ ಉತ್ತರಿಸುವಷ್ಟರಲ್ಲಿ ಬಸ್ಸು ಹೋಯಿತು. ಈಗ ನನಗೆ ಮದುವೆಯೆಂದು ತಾಳವಾಡಿಯಲ್ಲಿ ಇಬ್ಬರು ಅಮ್ಮನನ್ನು ವಿಚಾರಿಸಿದ್ದಾರೆ.

ತುಕ್ಕು ಉಜ್ಜಲು ನಾಲ್ಕು ದಿನ ಹಿಡಿಯಿತು. ಎರಡನೆಯ ದಿನ ಅಪ್ಪ ಹೊಲದಿಂದ ಬಂದವರು ನನ್ನ ಕೈಯಿಂದ ಬ್ರಷ್ ತೆಗೆದುಕೊಂಡು ತಾವೇ ಡಿಕ್ಕಿಯೊಳಗೆ ಅರ್ಧ ತೂರಿ ಕೂತರು. ನೀವು ಬರೆದದ್ದನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ‘ಬೆಂಕಿಪೊಟ್ಟಣ ಅಣ್ಣನ ಜೇಬಿನಲ್ಲಿರಲಿ’ ಎಂಬಲ್ಲಿಗೆ ಬಂದಾಗ ಒಳಗಿನಿಂದ ಉಜ್ಜುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ರಟ್ಟಿನ ಅಚ್ಚು ಮೂರನೆಯ ಸಲಕ್ಕೆ ಸರಿಯಾಗಿ ಕೂತಿತು. ಚಾಮರಾಜನಗರದಿಂದ ಪ್ಲೈವುಡ್ ತಂದೆವು. ಪಣಕಹಳ್ಳಿಯ ಬಡಗಿ ನಾಗೇಶಣ್ಣ ಅಚ್ಚಿನ ಪ್ರಕಾರವೇ ಕತ್ತರಿಸಿಕೊಟ್ಟರು. ಆದರೆ ನಾನು ಅಳತೆ ತೆಗೆದ ದಿನ ಸ್ಟೆಪ್ನಿ ಟೈರು ಪಂಚರ್ ಅಂಗಡಿಯಲ್ಲಿತ್ತು. ಅದು ಡಿಕ್ಕಿಯೊಳಗೆ ಒಂದು ಪಕ್ಕದಲ್ಲಿ ನೆಟ್ಟಗೆ ನಿಲ್ಲುವಂಥದ್ದು. ಹಲಗೆ ಕೂರಿಸಿ, ಪೆಟ್ಟಿಗೆಗೆ ಗುರುತು ಹಾಕಿ, ಎಲ್ಲರನ್ನೂ ಕರೆದು ತೋರಿಸಿದೆ. ಅಜ್ಜಿ ಸುತ್ತ ನೋಡಿ ಕೇಳಿದಳು: “ಚಕ್ರ ಎಲ್ಲಿ ಕೂರ್ತದೆ? ನನ್ ತೊಡೆ ಮೇಲಾ?”

ಹಾಗಾಗಿ ಪೆಟ್ಟಿಗೆಯನ್ನು ಏಳು ಇಂಚು ಕಿರಿದು ಮಾಡಿದೆವು. ಅಜ್ಜಿ ಒಂದು ಪಾತ್ರೆ ಕಡಿಮೆ ಮಾಡಿಕೊಂಡಳು. ಯಾವುದನ್ನು ಬಿಡುವುದೆಂದು ಎರಡು ದಿನ ಯೋಚಿಸಿ, ಕೊನೆಗೆ ಹಾಲಿನ ಪಾತ್ರೆಯನ್ನು ಬಿಟ್ಟಳು. ದಾರಿಯಲ್ಲಿ ಮಜ್ಜಿಗೆ ಸಾಕಂತೆ.

ಈಗ ತೊಂದರೆ ಸೊಲ್ಯೂಷನ್‌ದು. ನೆಲದ ಕಾರ್ಪೆಟ್‌ಗೆ ಬಳಿದೆವು, ಅದು ಚೆನ್ನಾಗಿ ಹಿಡಿಯಿತು. ಆದರೆ ಪೆಟ್ಟಿಗೆಯ ಒಂದು ಖಾನೆಗೆ ಹಚ್ಚಿ ಮೂರು ದಿನ ಬಿಸಿಲಿಗಿಟ್ಟರೂ ವಾಸನೆ ಹೋಗಲಿಲ್ಲ. ಅಜ್ಜಿ ಆ ಖಾನೆಯಲ್ಲಿ ಒಂದು ರಾತ್ರಿ ಅಕ್ಕಿ ಇಟ್ಟು ಬೆಳಿಗ್ಗೆ ಅನ್ನ ಮಾಡಿದಳು. ಲಿಂಗಕ್ಕೆ ತೋರಿಸಲು ಹೋಗಿ ವಾಸನೆಗೆ ಹಿಂದಕ್ಕೆ ಬಂದು ಆ ಅನ್ನವನ್ನು ಹಸುವಿಗೆ ಹಾಕಿದಳು. ಪೆಟ್ಟಿಗೆಗೆ ಬೇರೆ ಯಾವುದಾದರೂ ವಾಸನೆಯಿಲ್ಲದ ಅಂಟು ಇದೆಯೇ? ಬರೀ ಮೊಳೆ ಹೊಡೆದರೆ ಘಾಟಿಯ ತಿರುವುಗಳಲ್ಲಿ ಸಡಿಲವಾಗುತ್ತದೆ ಎನ್ನುತ್ತಾರೆ ನಾಗೇಶಣ್ಣ. ನಿಮ್ಮ ಉತ್ತರ ನೋಡಿಕೊಂಡು ಮುಂದುವರಿಯುತ್ತೇವೆ.

ಶೈಲಶ್ರೀ


ಗೆಟ್ಟವಾಡಿ
16 ಮಾರ್ಚ್ 2025

ಅತ್ತೆ,

ಒಂದು ತಿಂಗಳು ಕಾದೆ. ನನ್ನ ಕಾಗದ ತಲುಪಲಿಲ್ಲವೋ, ನಾನು ಬರೆಯಬಾರದ್ದು ಬರೆದೆನೋ ಗೊತ್ತಾಗಲಿಲ್ಲ. ಹಾಲಿನ ಪಾತ್ರೆಯ ಮಾತು ಬರೆಯಬಾರದಿತ್ತೇನೋ.

ಪೆಟ್ಟಿಗೆ ಮುಗಿದಿದೆ. ವಾಸನೆಯಿಲ್ಲದ ಅಂಟು ಬೇಕೆಂದು ನಾನೇ ಪಣಕಹಳ್ಳಿಗೆ ಹೋಗಿ ನಾಗೇಶಣ್ಣನನ್ನು ಕೇಳಿದೆ. ಅವರು ಅಟ್ಟದಿಂದ ಒಂದು ಹಳೆಯ ಡಬ್ಬಿ ಇಳಿಸಿದರು. ಸರೇಸು ಅಂತೆ. ಜೇನುಬಣ್ಣದ ಗಾಜಿನ ಚೂರುಗಳ ಹಾಗಿದೆ. ನೀರಿನಲ್ಲಿ ನೆನೆಹಾಕಿ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಡಬ್ಬಿ ಇಟ್ಟು ಕರಗಿಸುತ್ತಾರೆ. ಕಾಸುವಾಗ ಸ್ವಲ್ಪ ನಾರುತ್ತದೆ, ಒಣಗಿದಮೇಲೆ ಏನೂ ಇಲ್ಲ. “ನಮ್ಮಪ್ಪ ಬಾಗ್ಲಿಗೆಲ್ಲ ಇದ್ನೇ ಆಕ್ತಿದ್ದ ಕಣವ್ವ. ಈ ಕಂಪ್ನಿ ಅಂಟೆಲ್ಲ ಯಾವ್ ಲೆಕ್ಕ” ಎಂದರು. ಯಾವುದೋ ಮರದ ಅಂಟಿರಬೇಕು. ಪೆಟ್ಟಿಗೆಯ ಎಲ್ಲ ಕೀಲಿಗೂ, ಒಳಗಿನ ಬಿಳಿ ಬಟ್ಟೆಗೂ ಅದನ್ನೇ ಹಾಕಿದ್ದಾರೆ. ಅಜ್ಜಿ ಪ್ರತಿ ಖಾನೆಗೂ ಮೂಗಿಟ್ಟು ನೋಡಿ, ಇದೇ ಸರಿ ಎಂದಳು.

ಮೂರು ಸಲ ಪರೀಕ್ಷೆ ಮಾಡಿದೆವು. ಮೊದಲನೆಯದು ಅಂಗಳದಲ್ಲಿ. ಎರಡನೆಯದು ಹೊಲದಲ್ಲಿ. ಮೂರನೆಯದು ಜೀರಹಳ್ಳಿ ದಾಟಿದಮೇಲೆ ರಸ್ತೆಯ ಬದಿ. ಅಜ್ಜಿ ಸೌದೆ ಹಚ್ಚಿ ಮುದ್ದೆಗೆ ಎಸರಿಟ್ಟಿದ್ದಳು, ಫಾರೆಸ್ಟ್ ಗಾರ್ಡ್ ಬೈಕಿನಲ್ಲಿ ಬಂದು ನಿಂತರು. ಬೇಸಿಗೆಯಲ್ಲಿ ಕಾಡಿನಂಚಿಗೆ ಬೆಂಕಿ ಹಚ್ಚಿದ್ದೀರಲ್ಲ ಎಂದು ಅಪ್ಪನನ್ನು ತಮಿಳಿನಲ್ಲಿ ತರಾಟೆಗೆ ತೆಗೆದುಕೊಂಡರು. ಅಜ್ಜಿ ಅವರ ಮಾತು ಮುಗಿಯುವವರೆಗೆ ಮುದ್ದೆ ತಿರುವಿ ಮುಗಿಸಿದಳು. ಆಮೇಲೆ ಬೆಂಕಿಗೆ ತಾನೇ ಒಂದು ಬಿಂದಿಗೆ ನೀರು ಸುರಿದು, ಲಿಂಗಕ್ಕೆ ತೋರಿಸಿ, ಅವರಿಗೂ ಒಂದು ಮುದ್ದೆ ಹಾಕಿದಳು. ಅವರು ಉಂಡರು. ಹೋಗುವಾಗ ಅಜ್ಜಿಗೆ, ಇನ್ನು ಮೇಲೆ ಕಾಡು ಮುಗಿದು ಬಣ್ಣಾರಿ ದಾಟಿದಮೇಲೆ ಒಲೆ ಹಚ್ಚಿ ಪಾಟ್ಟಿ ಎಂದರು.

ಯುಗಾದಿ ಕಳೆದು ಏಪ್ರಿಲ್ ಹತ್ತರಂದು ಹೊರಡುವುದೆಂದು ಅಜ್ಜಿ ದಿನ ನೋಡಿದ್ದಾಳೆ. ಬೆಳಿಗ್ಗೆ ಆರಕ್ಕೆ ಹೊರಟರೆ ಮಧ್ಯಾಹ್ನಕ್ಕೆ ನಿಮ್ಮಲ್ಲಿ. ನೀವು ‘ಬರಬೇಡಿ’ ಎನ್ನುವುದಾದರೆ ತಿಳಿಸಿ. ಅದನ್ನು ಅಜ್ಜಿಗೆ ಹೇಗೆ ಹೇಳುವುದೆಂದು ನನಗೆ ಗೊತ್ತಿಲ್ಲ, ಆದರೂ ತಿಳಿಸಿ.

ಶೈಲಶ್ರೀ


ಕೊಯಮತ್ತೂರು
22 ಮಾರ್ಚ್ 2025

ಶೈಲಾ,

ನಿನ್ನ ಫೆಬ್ರವರಿಯ ಕಾಗದ ತಲುಪಿತ್ತು. ಕೆಲಸವಿತ್ತು ಎಂದು ಬರೆಯಬಹುದು. ಇರಲಿಲ್ಲ. ಅವ್ವ ಹಾಲಿನ ಪಾತ್ರೆ ಬಿಟ್ಟಳೆಂದು ಓದಿ, ನನ್ನ ಮನೆಯ ಹಾಲನ್ನಾದರೂ ತೆಗೆದುಕೊಳ್ಳುತ್ತಾಳೋ ಎಂದು ಒಂದು ಕ್ಷಣ ಅಂದುಕೊಂಡೆ. ಮುಂದಿನ ಸಾಲಿನಲ್ಲೇ ಮಜ್ಜಿಗೆ ಸಾಕೆಂದು ಇತ್ತು. ಕಾಗದ ಮಡಿಚಿ ಮಿಷನ್ನಿನ ಡ್ರಾಯರಿಗೆ ಹಾಕಿದೆ.

ಅವತ್ತೇ ಉತ್ತರ ಬರೆದಿದ್ದರೆ ಇದಾಗುತ್ತಿರಲಿಲ್ಲ. ಸರೇಸು ಮರದ ಅಂಟಲ್ಲ. ದನದ ತೊಗಲು, ಮೂಳೆ ಬೇಯಿಸಿ ತೆಗೆಯುವುದು. ಇಲ್ಲಿ ವಜ್ಜಿರಂ ಅನ್ನುತ್ತಾರೆ. ನಮ್ಮ ಕೆಲಸದಲ್ಲಿರುವ ಯಾರನ್ನು ಕೇಳಿದರೂ ಹೇಳುತ್ತಾರೆ. ನಾಗೇಶನಿಗೂ ಗೊತ್ತಿರುತ್ತದೆ, ನೀನು ಕೇಳಿರುವುದಿಲ್ಲ. ವಾಸನೆ ಇರಬಾರದೆಂದಷ್ಟೇ ಕೇಳಿದೆ, ಅವನು ಕೊಟ್ಟ.

ಅವ್ವನಿಗೆ ಹೇಳಬೇಡ. ಒಣಗಿದ ಅಂಟು ಅನ್ನಕ್ಕೆ ತಾಗುವುದಿಲ್ಲ. ಮೇಲೆ ಬಟ್ಟೆಯಿದೆ, ಅದರ ಮೇಲೆ ಪಾತ್ರೆಯಿದೆ. ಹೇಳಿದರೆ ಅವಳು ಆ ಪೆಟ್ಟಿಗೆ ಮುಟ್ಟುವುದಿಲ್ಲ. ಪೆಟ್ಟಿಗೆ ಇಲ್ಲದಿದ್ದರೆ ಬರುವುದಿಲ್ಲ. ನಾನೂ ಹೇಳುವುದಿಲ್ಲ, ಮಾವನೂ ಹೇಳುವುದಿಲ್ಲ. ಇಷ್ಟು ವರ್ಷದ ಮೇಲೆ ಬರುತ್ತಾಳೆ ಶೈಲಾ. ಒಲೆಯನ್ನೇ ಹೊತ್ತುಕೊಂಡು ಬರಲಿ. ಬರಲಿ.

ಪ್ರಮೀಳಾ


ಗೆಟ್ಟವಾಡಿ
8 ಏಪ್ರಿಲ್ 2025

ಅತ್ತೆ,

ನಾನು ಹೇಳಿಬಿಟ್ಟೆ. ನಿಮಗೆ ಸಿಟ್ಟು ಬಂದರೆ ನ್ಯಾಯವೇ.

ನಿಮ್ಮ ಕಾಗದ ಬಂದಮೇಲೆ ಐದು ದಿನ ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಕಷ್ಟದ ಕೆಲಸವಲ್ಲ. ಆದರೆ ಯುಗಾದಿಯ ದಿನ ಅಜ್ಜಿ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಕಾರಿನ ಹತ್ತಿರ ಬಂದಳು. ಖಾನೆಯ ಬಟ್ಟೆಯನ್ನು ಅಂಗೈಯಿಂದ ಸವರಿ, ಲಿಂಗದ ಪೆಟ್ಟಿಗೆ ಎಲ್ಲಿ ಅಲುಗದೆ ಕೂರುತ್ತದೆ ಎಂದು ಇಟ್ಟು ತೆಗೆದು ನೋಡತೊಡಗಿದಳು. ಅಲ್ಲಿ ಬೇಡ ಅಜ್ಜಿ ಎಂದೆ. ಯಾಕೆಂದು ಕೇಳಿದಳು. ಹೇಳಿದೆ. ಮರದ ಅಂಟೆಂದು ತಿಳಿದಿದ್ದೆ, ತಪ್ಪು ನನ್ನದು, ನಾಗೇಶಣ್ಣನದಲ್ಲ ಎಂದೂ ಹೇಳಿದೆ. ಇಂಟರ್‌ವ್ಯೂಗಳಲ್ಲಿ ಬಾರದ ಮಾತೆಲ್ಲ ಆಗ ಬಂತು. ನಿಲ್ಲಿಸಲು ಆಗಲಿಲ್ಲ.

ಅಜ್ಜಿ ಬೈಯಲಿಲ್ಲ. ಲಿಂಗದ ಪೆಟ್ಟಿಗೆಯನ್ನು ಎದೆಗೆ ಹಿಡಿದುಕೊಂಡು ಒಳಗೆ ಹೋದಳು. ಹಬ್ಬದ ದಿನ ಒಲೆ ಹಚ್ಚಲಿಲ್ಲ. ಮೂರು ಸಲ ಆ ಪೆಟ್ಟಿಗೆಯಲ್ಲಿಟ್ಟ ಪಾತ್ರೆಯಲ್ಲಿ ಬೇಯಿಸಿ ಲಿಂಗಕ್ಕೆ ತೋರಿಸಿದ್ದಳಲ್ಲ. ಮಾರನೆಯ ದಿನವೂ ಹಚ್ಚಲಿಲ್ಲ. ಅಮ್ಮ ಹಣ್ಣು ಕೊಯ್ದು ಬಾಗಿಲಲ್ಲಿಟ್ಟರೆ ಅದೂ ಹಾಗೇ ಇತ್ತು. ಅಪ್ಪ ನನ್ನ ಕಡೆ ನೋಡುತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನನ್ನನ್ನೂ ಅಪ್ಪನನ್ನೂ ಕರೆದು ಜಗುಲಿಯಲ್ಲಿ ಕೂರಿಸಿದಳು. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. ನನ್ನ ಮಾತಿನಲ್ಲಿ ಬರೆದರೆ ಕೆಡುತ್ತದೆ.

“ಪಮ್ಮಿ ಜಾತಿ ಬುಟ್ಟು ಮದ್ವೆಯಾಗಿ ಓದಾಗ ನಿನ್ ತಾತ, ಅವರಣ್ಣದೀರು ಎಲ್ಲಾ ಇದೇ ಜಗ್ಲಿಲಿ ಕೂತ್ಕಂಡು ಮಾತಾಡುದ್ರು. ಇನ್ಮೇಲೆ ಅವಳ ಕೈದು ಈ ಮನೇರು ಯಾರೂ ಉಣ್ಬಾರ್ದು ಅಂತ. ನಾನು ಎದುರು ಮಾತಾಡ್ನಿಲ್ಲ. ಆಡುದ್ರೂ ಕೇಳೋರಲ್ಲ. ಅವಳೊಬ್ಬಳ ಕೈದು ಉಣ್ಣಲ್ಲ ಅಂದ್ರೆ ತಾನೆ ಅವಳಿಗೆ ಅವಮಾನ? ಅದ್ಕೆ ನಾನು ಯಾರ ಕೈದೂ ಉಣ್ಣಲ್ಲ ಅಂತ ಲಿಂಗದ ಮುಂದೆ ಅಂದ್ಬುಟ್ಟೆ. ಅವರೆಲ್ಲ ನನ್ನ ಭಕ್ತಿ ಅಂದ್ಕಂಡ್ರು. ಅಂದ್ಕಳ್ಳಿ ಅಂತ ಬುಟ್ಟೆ.”

ಅಪ್ಪ ಕೇಳಿದರು, “ಇಷ್ಟ್ ವರ್ಷ ಯಾಕವ್ವ ಏಳ್ನಿಲ್ಲ?”

“ನೀನ್ ಕೇಳ್ನಿಲ್ಲ ಕಣ್ಲಾ.”

ಅಷ್ಟೇ. ಎದ್ದು ಸೀರೆ ಕೊಡವಿಕೊಂಡು, ಆ ಪೆಟ್ಟಿಗೆಯನ್ನು ಕಿತ್ತುಹಾಕು ಎಂದಳು. ಅಪ್ಪ ಅವತ್ತೇ ಕಿತ್ತರು. ಸರೇಸು ನಾಗೇಶಣ್ಣ ಹೇಳಿದ ಹಾಗೆಯೇ ಹಿಡಿದಿತ್ತು, ಕೀಲು ಬಿಡಿಸಲು ಆಗದೆ ಗರಗಸದಿಂದ ಕುಯ್ದರು. ಅದರ ಜೊತೆಗೆ ನೆಲದ ಹಲಗೆಯೂ ಕಾರ್ಪೆಟ್ಟೂ ಕಿತ್ತು ಬಂದವು. ನೀವು ಕಳಿಸಿದ್ದು ಹಾಳಾದದ್ದಕ್ಕೆ ಬೇಜಾರಾಗಿದೆ. ಡಿಕ್ಕಿ ಈಗ ರೆಡಾಕ್ಸೈಡಿನ ಬರೀ ತಗಡು.

ಅಲ್ಲಿಗೆ ಹೋಗುವುದು ನಿಂತಿತೆಂದು ತಿಳಿದಿದ್ದೆ. ಸಂಜೆ ಅಜ್ಜಿ ಒಲೆ ಹಚ್ಚಿ, ಲಿಂಗಕ್ಕೆ ತೋರಿಸಿ, ಎರಡು ದಿನದ ಮೇಲೆ ಉಂಡಳು. ಕೈ ತೊಳೆಯುತ್ತಾ ನನಗೆ ಹೇಳಿದಳು: “ಬರೀ ಡಿಕ್ಕಿಲೇ ಓಗೋದು. ನಿಮ್ಮತ್ತೆಗೆ ಬರಿ. ಅವಳ ಒಲೆ ಎತ್ರದಲ್ಲದಾ, ನೆಲದಲ್ಲದಾ ಕೇಳು. ನಂಗೆ ನಿಂತ್ಕಂಡು ಬೇಯ್ಸಕ್ಕಾಗಕಿಲ್ಲ.”

ಅಲ್ಲಿ ಅವಳ ಕೈಯಿಂದ ಉಣ್ಣುತ್ತೀಯಾ ಎಂದು ಅಪ್ಪ ಕೇಳಿದರು. ಲಿಂಗದ ಮುಂದೆ ಅಂದದ್ದು ಅಂದದ್ದೇ ಎಂದಳು. ಹಾಗಾದರೆ ಉಣ್ಣುವುದಿಲ್ಲವೇ ಎಂದರೆ ಕೊಂಡೊಯ್ಯುವ ಪಾತ್ರೆಗಳನ್ನು ಎಣಿಸತೊಡಗಿದಳು.

ಹತ್ತನೆಯ ತಾರೀಖಿನ ಪ್ರಯಾಣವನ್ನು ನಿಮ್ಮ ಉತ್ತರ ಬರುವವರೆಗೆ ಮುಂದೂಡಿದ್ದೇವೆ. ಒಲೆಯ ಎತ್ತರ ತಿಳಿಸಿ.

ಶೈಲಶ್ರೀ


ಕೊಯಮತ್ತೂರು
17 ಏಪ್ರಿಲ್ 2025

ಶೈಲಾ,

ನಿನ್ನ ಕಾಗದವನ್ನು ಮಾವನಿಗೆ ತಮಿಳಿನಲ್ಲಿ ಓದಿ ಹೇಳಲು ಕೂತೆ. ಜಗುಲಿಯ ಮಾತಿನವರೆಗೆ ಓದಿದೆ. ಮುಂದಕ್ಕೆ ಆಗಲಿಲ್ಲ. ನಾಳೆ ಓದು ಎಂದು ಅವರು ಅಂಗಡಿಗೆ ಹೋದರು. ಮಾರನೆಯ ದಿನವೂ ಆಗಲಿಲ್ಲ. ಮೂರನೆಯ ದಿನ ಓದಿದೆ.

ಒಲೆ ಕಟ್ಟೆಯ ಮೇಲಿದೆ, ನೆಲದಿಂದ ಎರಡೂಮುಕ್ಕಾಲು ಅಡಿ. ಅವ್ವ ನಿಲ್ಲಬೇಕಾಗಿಲ್ಲ. ಅದನ್ನು ಕೆಳಗಿಳಿಸಿ ಕಲ್ಲಿನ ಮೇಲೆ ಇಟ್ಟಿದ್ದೇವೆ. ಸಿಲಿಂಡರಿನ ಟ್ಯೂಬು ಉದ್ದ ಸಾಲಲಿಲ್ಲ, ಹೊಸದು ಹಾಕಿಸಿದೆವು. ಕೂರಲು ಮಾವ ಒಂದು ಗಿಡ್ಡ ಸ್ಟೂಲು ಮಾಡಿದ್ದಾರೆ. ಹಲಗೆ, ಸ್ಪಂಜು, ಮೇಲೆ ರೆಕ್ಸಿನ್. ಅಂಟು ಹಾಕಿಲ್ಲ, ಬರೀ ಮೊಳೆ. ಇದನ್ನು ನಾಲ್ಕು ಸಲ ಹೇಳಿದರು, ಬರಿ ಎಂದು.

ಡಿಕ್ಕಿಯನ್ನು ಹಾಗೇ ತನ್ನಿ. ಬನ್ನಿ.

ಪ್ರಮೀಳಾ


ಕೊಯಮತ್ತೂರು
21 ಮೇ 2025

ಶೈಲಾ,

ಹಸು ಕರು ಹಾಕುವ ಹೊತ್ತೆಂದು ನೀನು ಮನೆಯಲ್ಲೇ ಉಳಿದೆಯೆಂದು ಅಣ್ಣ ಹೇಳಿದರು. ಇಲ್ಲಿ ಆದದ್ದನ್ನು ಅವ್ವ ನಿನಗೆ ಹೇಳುವುದಿಲ್ಲ, ಅಣ್ಣ ಅರ್ಧ ಹೇಳುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ.

ಅವ್ವ ಮತ್ತು ಅಣ್ಣ ಬಂದದ್ದು ಮಧ್ಯಾಹ್ನ ಎರಡು ಗಂಟೆಗೆ. ದಿಂಬಂ ಘಾಟಿಯ ಇಪ್ಪತ್ತೇಳು ತಿರುವನ್ನೂ ಕಣ್ಣುಮುಚ್ಚಿಕೊಂಡೇ ಇಳಿದಳಂತೆ. ಕಾರಿನಿಂದ ಇಳಿದು ಮನೆಯನ್ನು ಮೇಲಿಂದ ಕೆಳಗೆ ನೋಡಿದಳು. ಮಾವ ಕೈಮುಗಿದು ನಿಂತಿದ್ದರು. ಅವ್ವ ಅವರಿಗೆ ತಮಿಳಿನಲ್ಲಿ, ಮಳೆಗಾಲದಲ್ಲಿ ಒಳಗೆ ನೀರು ಬರುತ್ತದೆಯೇ ಎಂದು ಕೇಳಿದಳು. ಬರುವುದಿಲ್ಲ ಎಂದರು. ಅಷ್ಟಕ್ಕೆ ಒಳಗೆ ಬಂದಳು. ನಾನು ಏನೇನೋ ಹೇಳಬೇಕೆಂದು ಒಂದು ತಿಂಗಳಿಂದ ಜೋಡಿಸಿಟ್ಟುಕೊಂಡಿದ್ದೆ. ಅವಳು ಪೊರಕೆ ಎಲ್ಲಿದೆ ಎಂದು ಕೇಳಿದಳು.

ಅಡುಗೆಮನೆಯನ್ನು ತಾನೇ ಗುಡಿಸಿ, ಒರೆಸಿ, ತನ್ನ ಪಾತ್ರೆ ಇಳಿಸಿಕೊಂಡಳು. ಗ್ಯಾಸ್ ಹಚ್ಚುವುದನ್ನು ಒಂದು ಸಲ ತೋರಿಸಿದೆ. ಆಮೇಲೆ ಹೊಸಲಿನ ಆಚೆ ಕೂರು ಎಂದಳು. ನಾಲ್ಕು ದಿನ ನನ್ನ ಮನೆಯ ಅಡುಗೆಮನೆಗೆ ನನಗೆ ಪ್ರವೇಶವಿರಲಿಲ್ಲ. ದೂರು ಹೇಳುತ್ತಿಲ್ಲ. ಹೊಸಲಿನ ಆಚೆ ಕೂತು, ಅವಳು ಬೆನ್ನು ಹಾಕಿಕೊಂಡು ಬೇಯಿಸುವುದನ್ನು ನೋಡುತ್ತಿದ್ದೆ. ನಮಗೆಲ್ಲ ಅವಳೇ ಮಾಡಿ ಬಡಿಸಿದಳು. ಮಾವ ಎರಡನೆಯ ದಿನವೇ ಮುದ್ದೆ ನುಂಗುವುದನ್ನು ಕಲಿತರು, ಅಗಿಯಬಾರದೆಂದು ಮೂರು ಸಲ ಬೈಸಿಕೊಂಡು. ಶ್ರಾವಣದ ಮಾತು, ಜಗುಲಿಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸಾಲುಮನೆಯವರು ಬಂದು ಇವರು ಯಾರೆಂದು ಕೇಳಿದರೆ “ಪಮ್ಮಿ ಅವ್ವ” ಎಂದು ಅವಳೇ ಮೊದಲು ಹೇಳುತ್ತಿದ್ದಳು.

ಅಣ್ಣ ಮತ್ತು ಮಾವ ಅಂಗಡಿಯಲ್ಲಿ ಡಿಕ್ಕಿಯ ಕೆಲಸ ಮಾಡಿದರು. ಹೊಸ ಹಲಗೆ, ಬೂದು ಕಾರ್ಪೆಟ್, ಪಕ್ಕಗಳಿಗೆ ರೆಕ್ಸಿನ್. ಸ್ಟೆಪ್ನಿಗೆ ನಾನು ಒಂದು ಕವಚ ಹೊಲಿದೆ. ಪೆಟ್ಟಿಗೆ ಬೇಕೇ ಎಂದು ಅವ್ವನನ್ನು ಕೇಳಲು ಅಣ್ಣ ಬಂದರು. ಬೇಡ, ಎಲೆಕೋಸಿಗೆ ಜಾಗ ಬೇಕಲ್ಲ ಎಂದಳು. ನಿನ್ನ ರಟ್ಟಿನ ಅಚ್ಚು ಸೀಟಿನ ಹಿಂದೆ ಸಿಕ್ಕಿತು. ಮಾವ ಅದನ್ನು ಹಲಗೆಯ ಮೇಲಿಟ್ಟು ನೋಡಿ, ಇದನ್ನು ಕತ್ತರಿಸಿದವರು ಅಂಗಡಿಗೆ ಕೆಲಸಕ್ಕೆ ಬರುತ್ತಾರೆಯೇ ಎಂದು ಕೇಳಿದರು. ತಮಾಷೆಗೆ ಹೇಳಲಿಲ್ಲ.

ಕೊನೆಯ ದಿನ ಹುರುಳಿ ಸಾರು ಕುದಿಯುತ್ತಿತ್ತು. ನಾನು ಹೊಸಲಿನ ಆಚೆ, ನನ್ನ ಜಾಗದಲ್ಲಿ ಕೂತಿದ್ದೆ. ಅವ್ವ ತಿರುಗದೆಯೇ ಕರೆದಳು.

“ಪಮ್ಮೀ, ಒಳಕ್ಕೆ ಬಾ. ಉಪ್ಪು ನೀನೇ ಆಕು. ನಂಗೆ ಅಳತೆ ತಿಳೀದು.”

ಅರವತ್ತು ವರ್ಷ ಒಲೆಯ ಮುಂದೆ ಕೂತವಳು. ನಾನು ಒಳಗೆ ಹೋಗಿ ಡಬ್ಬಿಗೆ ಕೈಹಾಕಿದೆ. ಎಷ್ಟು ಹಿಡಿದೆ, ಎಷ್ಟು ಹಾಕಿದೆ ಗೊತ್ತಿಲ್ಲ. ಹಾಕಿ ಅಲ್ಲೇ ನಿಂತೆ. ಅವಳು ಸೌಟಿನಿಂದ ಕದಡಿ, ಇಳಿಸಿ, ರುಚಿ ನೋಡದೆ ಲಿಂಗಕ್ಕೆ ತೋರಿಸಿದಳು. ಎಲ್ಲರಿಗೂ ಬಡಿಸಿ ತಾನೂ ತಟ್ಟೆ ಹಾಕಿಕೊಂಡು ಕೂತಳು.

ಉಪ್ಪು ಬಹಳ ಹೆಚ್ಚಾಗಿತ್ತು. ಅಣ್ಣ ಒಂದು ತುತ್ತಿಗೆ ನನ್ನ ಮುಖ ನೋಡಿದರು. ಮಾವ ಎರಡು ಲೋಟ ನೀರು ಕುಡಿದರು. ಅವ್ವ ಒಂದು ಮುದ್ದೆ ಮುಗಿಸಿ, ಇನ್ನರ್ಧ ಮುರಿದುಕೊಂಡು, ತಟ್ಟೆಯನ್ನು ನನ್ನ ಕಡೆ ಸರಿಸಿ ಇನ್ನೊಂದು ಸೌಟು ಸಾರು ಹಾಕೆಂದಳು.

ಅತ್ತೆ,
ಪಮ್ಮಿ